ಇಲಿಮರಿ ನುಂಗಿದ ಬಿಲ್ಲೆ

ಪೇಟೆಯ ದೊಡ್ಡ ಮಳಿಗೆಯ ಬಾಗಿಲಲ್ಲಿ ನಿಂತು, ಒಳಗೆ ಹೋಗುವವರ ಮೈ ತಪಾಸಣೆ ಮಾಡುವುದು ಅವನ ಕೆಲಸ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರ ಬಾಯಲ್ಲೆಲ್ಲ ಅವನು ಕುಂಯಪ್ಪ. ಲೋಹ ಪತ್ತೆ ಮಾಡುವ ಅವನ ಕರಿಯ ಕೋಲು ಯಾರ ಸೊಂಟದ ಹತ್ತಿರ ಹೋದರೂ ‘ಕುಂಯ್’ ಎನ್ನುತ್ತಿತ್ತಲ್ಲ, ಅದರಿಂದ ಬಂದ ಬಿರುದು. ಇಷ್ಟು ವರ್ಷದ ನೌಕರಿಯಲ್ಲಿ ಆ ಕೋಲಿಗೆ ಸಿಕ್ಕಿದ್ದು ಬೆಲ್ಟಿನ ಬಕಲ್ಲು, ಬೀಗದ ಕೈ, ಒಮ್ಮೆ ಒಬ್ಬ ಮುದುಕನ ಮಂಡಿಯೊಳಗೆ ಕೂರಿಸಿದ್ದ ಸ್ಟೀಲು. ಕಳ್ಳನೂ ಸಿಕ್ಕಿರಲಿಲ್ಲ, ಚಾಕುವೂ ಸಿಕ್ಕಿರಲಿಲ್ಲ. ಆದರೂ ಕೋಲಿನ ಮೇಲೆ ಅವನಿಗಿದ್ದ ಭಕ್ತಿಗೆ ಕೊರತೆ ಇರಲಿಲ್ಲ. “ಮನುಷ್ಯನ ನಾಲಿಗೆಗೆ ಮೂಳೆ ಇಲ್ಲ, ಹೆಂಗ್ ಬೇಕಾದ್ರೂ ಹೊರಳತ್ತೆ. ನನ್ನ ಕೋಲಿಗೆ ಒಂದೇ ಮಾತು” ಎನ್ನುತ್ತಿದ್ದ.

ಅವನ ಹೆಂಡತಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಕಟ್ಟೆಯ ಹಿಂದೆ ಕೂತವಳು. ಬಂದ ಪ್ಯಾಂಟು, ಕೋಟುಗಳ ಜೇಬಿಗೆ ಕೈ ಹಾಕಿ ಖಾಲಿ ಮಾಡುವುದು ಅವಳ ಮೊದಲ ಕೆಲಸ. “ನಿಮ್ಮ ಕೋಲು ಏನೋ ಇದೆ ಅನ್ನತ್ತೆ. ಏನಿದೆ ಅಂತ ನನ್ನ ಕೈಯೇ ಹೇಳಬೇಕು” ಎಂದು ಅವಳು ಗಂಡನನ್ನು ಚುಚ್ಚುವುದಿತ್ತು. ಅವನು ನಕ್ಕು ಸುಮ್ಮನಾಗುತ್ತಿದ್ದ. ಸಂಸಾರ ಇಂಥ ನಗೆಯಿಂದಲೇ ನಡೆಯುತ್ತದೆ.

ಇವರಿಬ್ಬರ ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಹಲ್ಲು ಬಂದ ದಿನದಿಂದ ಮನೆಯ ಒಂದು ಸಾಮಾನನ್ನೂ ಬಿಟ್ಟವಳಲ್ಲ. ಚಪ್ಪಲಿಯ ಪಟ್ಟಿ, ಸೋಪು, ಗೋಡೆಯ ಸುಣ್ಣ, ಅಪ್ಪನ ಟೋಪಿಯ ಅಂಚು, ಎಲ್ಲವೂ ಅವಳ ಬಾಯಿಯ ರುಚಿ ಕಂಡಿದ್ದವು. ಅನ್ನದ ತುತ್ತು ಹಿಡಿದು ಹಿಂದೆ ಓಡಿದರೆ ಮಾತ್ರ ಆ ಬಾಯಿಗೆ ಬೀಗ. ಮನೆಯಲ್ಲಿ ಅವಳನ್ನು ಇಲಿಮರಿ ಎಂದು ಕರೆಯುತ್ತಿದ್ದರು. ಇಲಿಮರಿಯನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದವರು ಹೆಂಡತಿಯ ತಾಯಿ, ಅಂದರೆ ಕುಂಯಪ್ಪನ ಅತ್ತೆ. ಮೈ ತುಂಬಿಕೊಂಡ ಹೆಂಗಸು, ಬಾಯಿ ಅದಕ್ಕಿಂತ ತುಂಬಿಕೊಂಡದ್ದು.

ಆ ದಿನ ಕುಂಯಪ್ಪನಿಗೆ ವಾರದ ರಜೆ. ಗಡ್ಡಕ್ಕೆ ಸೋಪು ಹಚ್ಚಿ ಕನ್ನಡಿಯ ಮುಂದೆ ನಿಂತಿದ್ದ. ಹೆಂಡತಿ ಕೆಲಸಕ್ಕೆ ಹೊರಡಲು ತಲೆ ಬಾಚುತ್ತಿದ್ದಳು. ಒಳಕೋಣೆಯಿಂದ ಅತ್ತೆಯ ಕೂಗು ಕೇಳಿತು.

“ಅಯ್ಯಯ್ಯೋ! ನುಂಗಿಬಿಡ್ತಲ್ಲೇ! ಬಾರೇ, ಮಗು ನಾಣ್ಯ ನುಂಗಿಬಿಡ್ತು!”

ಇಬ್ಬರೂ ಓಡಿದರು. ಇಲಿಮರಿ ಅಜ್ಜಿಯ ಹಾಸಿಗೆಯ ಮೇಲೆ ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು ಕೆಮ್ಮುತ್ತಿತ್ತು. ಅಜ್ಜಿ ಅದರ ಬೆನ್ನಿಗೆ ಚಾಪೆಯ ಧೂಳು ಕೊಡವುವಂತೆ ಬಡಿಯುತ್ತಿದ್ದರು. “ಉಗುಳು, ಉಗುಳು, ನಮ್ಮಮ್ಮಾ ಉಗುಳು!” ಉಗುಳುವುದಿರಲಿ, ಮಗು ಕೆಮ್ಮು ನಿಲ್ಲಿಸಿ, ಅಪ್ಪನ ಮುಖದ ಸೋಪಿನ ನೊರೆ ನೋಡಿ ಕಿಲಕಿಲ ನಕ್ಕಿತು.

“ಏನು ನುಂಗಿದ್ಲಮ್ಮಾ? ಸರಿಯಾಗಿ ನೋಡಿದ್ಯಾ?” ಎಂದಳು ಹೆಂಡತಿ.

“ಕಣ್ಣಾರೆ ನೋಡ್ದೆ ಕಣೇ. ದುಂಡಗೆ, ಬೆಳ್ಳಗೆ, ಫಳಫಳ ಅಂತಿತ್ತು. ನಾಣ್ಯ ಅಲ್ದೆ ಇನ್ನೇನು? ಹೌಹಾರಬೇಡ. ನೀನೂ ನುಂಗಿದ್ದೆ, ನಿಮ್ಮ ಸೋದರಮಾವನೂ ನುಂಗಿದ್ದ. ನಮ್ಮ ವಂಶದಲ್ಲಿ ನಾಣ್ಯ ನುಂಗದವರು ಯಾರಿದ್ದಾರೆ? ಬಂದ ದಾರಿಲಿ ಅಲ್ಲ ಅಂದ್ರೆ ಹೋಗೋ ದಾರಿಲಿ ಬರತ್ತೆ.”

“ಆಸ್ಪತ್ರೆಗೆ ಹೋಗೋಣ” ಎಂದಳು ಹೆಂಡತಿ, ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು.

“ಒಂದ್ನಿಮಿಷ ಇರು” ಎಂದ ಕುಂಯಪ್ಪ.

ಆ ಒಂದು ನಿಮಿಷವನ್ನು ಆಮೇಲೆ ಅವನು ಎಷ್ಟು ಸಲ ಶಪಿಸಿಕೊಂಡನೋ. ಆಗ ಮಾತ್ರ ಅವನ ಎದೆ ಒಂದಂಗುಲ ಉಬ್ಬಿತ್ತು. ಮಳಿಗೆಯ ಬಾಗಿಲ ಬಳಿಯ ಪ್ಲಗ್ಗು ಕೆಟ್ಟಿದ್ದರಿಂದ ಕೋಲನ್ನು ಚಾರ್ಜಿಗೆಂದು ಹಿಂದಿನ ಸಂಜೆ ಮನೆಗೆ ತಂದಿದ್ದ. ಹೊರಗಿನವರ ಸೊಂಟ ತಡವಿ ಸವೆದ ವಿದ್ಯೆ ಇವತ್ತು ತನ್ನ ಮನೆಯಲ್ಲೇ ಕೆಲಸಕ್ಕೆ ಬಂತು! ಕೋಲು ಹಿಡಿದು ಬಂದವನು ಮಳಿಗೆಯಲ್ಲಿ ನಿಲ್ಲುವಂತೆಯೇ ಕಾಲು ಅಗಲಿಸಿ ನಿಂತ.

“ಕೈ ಮೇಲೆ” ಎಂದ, ಅಭ್ಯಾಸಬಲದಿಂದ.

ಇಲಿಮರಿಗೆ ಇದು ಹೊಸ ಆಟ. ಎರಡೂ ಕೈ ಎತ್ತಿತು. ಕೋಲು ಹೆಗಲ ಹತ್ತಿರ ಹೋಯಿತು. ಕುಂಯ್!

“ಅಂಗಿಯ ಗುಂಡಿ ರೀ ಅದು. ಪ್ರೆಸ್ ಬಟನ್” ಎಂದಳು ಹೆಂಡತಿ.

ಅಂಗಿ ಬಿಚ್ಚಿದರು. ಮತ್ತೆ ಕುಂಯ್. ಈ ಸಲ ಅದು ಅತ್ತೆಯ ಕೈಬಳೆ. ಅತ್ತೆಯನ್ನು ಮಂಚದ ಆ ತುದಿಗೆ ಅಟ್ಟಿದ್ದಾಯಿತು. ಬರಿಮೈಯ ಮಗುವಿನ ತಲೆಯಿಂದ ಕೋಲನ್ನು ನಿಧಾನವಾಗಿ ಇಳಿಸಿದ. ಕಿವಿ, ಗಲ್ಲ, ಕತ್ತು. ಕತ್ತು ದಾಟಿ ಎದೆಗೂಡು ಶುರುವಾಗುವ ಕಡೆ ಕೋಲು ‘ಕುಂಯ್’ ಎಂದಿತು. ಹೊಟ್ಟೆಯ ಮೇಲೆ ಸುಮ್ಮನಿತ್ತು.

“ಸಿಕ್ತು! ಇಲ್ಲೇ ಇದೆ. ನಾಣ್ಯವೇ” ಎಂದ.

“ನಾಣ್ಯ ಅಂತ ಕೋಲು ಹೇಳ್ತಾ?”

“ಲೋಹ ಅಂತು. ನಿಮ್ಮಮ್ಮ ನಾಣ್ಯ ಅಂದ್ರು. ಎರಡೂ ಸೇರಿದ್ರೆ ಏನಾಯ್ತು?”

“ತಿಳಿದೋರು ಮಾತಾಡೋದು ಹಿಂಗೆ” ಎಂದರು ಅತ್ತೆ, ಮಂಚದ ಆ ತುದಿಯಿಂದ. ಮದುವೆಯಾದ ಲಾಗಾಯ್ತಿನಿಂದ ಅಳಿಯನಿಗೆ ಅವರಿಂದ ಸಿಕ್ಕ ಮೊದಲ ಶಹಬ್ಬಾಸು ಅದು. “ಒಂದು ಬಾಳೆಹಣ್ಣು ತಿನ್ನಿಸಿದ್ರೆ ಜಾರಿಕೊಂಡು ಹೋಗತ್ತೆ. ಅಳಿಯಂದ್ರು ಕೋಲು ಹಿಡ್ಕೊಂಡು ನೋಡ್ತಾ ಇರ್ಲಿ, ಎಲ್ಲಿಗೆ ಬಂತು ಅಂತ.”

ಹೊಗಳಿಕೆ ಅನ್ನುವುದು ಹೊಟ್ಟೆಗೆ ಸೇರಿದ ಗಂಡಸಿನ ತಲೆ ನಿಲ್ಲುವುದು ಕಷ್ಟ. ಹೆಂಡತಿ ಬೇಡ ಬೇಡ ಎನ್ನುತ್ತಿದ್ದರೂ ಬಾಳೆಹಣ್ಣು ಬಂತು. ಇಲಿಮರಿ ಒಂದು ಚೂರು ಒಳಗೆಳೆದುಕೊಂಡು, ಮುಖ ಕಿವುಚಿ, ಅರ್ಧಕ್ಕರ್ಧ ಹೊರಗೆ ತಳ್ಳಿತು. ಜೊತೆಗೆ ಗಲ್ಲದಿಂದ ಎಳೆ ಎಳೆಯಾಗಿ ಜೊಲ್ಲು. ಒರೆಸಿದಷ್ಟೂ ಜೊಲ್ಲು.

“ಹಲ್ಲು ಬರ್ತಿರಬೇಕು” ಎಂದರು ಅತ್ತೆ.

“ಇರೋ ಹಲ್ಲಲ್ಲೇ ಮನೆ ಮುಗಿಸಿದ್ದಾಳೆ” ಎಂದಳು ಹೆಂಡತಿ. “ರೀ, ಇನ್ನೊಂದ್ಸಲ ನೋಡಿ, ಆಮೇಲೆ ನಾನಂತೂ ಹೊರಟೆ.”

ಕುಂಯಪ್ಪ ಮತ್ತೆ ಕೋಲು ಹಿಡಿದ. ಕತ್ತಿನ ಕೆಳಗೆ ಶಬ್ದವಿಲ್ಲ. ಹೊಟ್ಟೆ, ಪಕ್ಕೆ, ಬೆನ್ನು, ಅಂಗಾಲು, ಎಲ್ಲೂ ಇಲ್ಲ. ಅವನ ಮುಖ ಅರಳಿತು. “ಹೋಯ್ತು! ಗಂಟಲು ಬಿಟ್ಟು ಹೋಯ್ತು!”

“ಎಲ್ಲಿಗೆ ಹೋಯ್ತು?”

“ಅದು… ಎಲ್ಲೂ ಇಲ್ಲ.”

“ಕರಗಿರತ್ತೆ” ಎಂದರು ಅತ್ತೆ. “ನನ್ನ ಮೊಮ್ಮಗಳು ಕಲ್ಲು ತಿಂದು ಕಲ್ಲು ಅರಗಿಸೋಳು.”

ಹೆಂಡತಿ ಗಂಡನ ಕೈಯಿಂದ ಕೋಲು ಕಿತ್ತುಕೊಂಡು ಅಡುಗೆಮನೆಗೆ ನಡೆದಳು. ಗೋಡೆಗೆ ತೂಗುಹಾಕಿದ್ದ ಕಬ್ಬಿಣದ ಬಾಣಲೆಗೆ ಅದನ್ನು ತಾಗಿಸಿದಳು. ಶಬ್ದವಿಲ್ಲ. ಗ್ಯಾಸಿನ ಸಿಲಿಂಡರಿಗೆ ತಾಗಿಸಿದಳು. ಅಷ್ಟು ದೊಡ್ಡ ಸಿಲಿಂಡರಿನ ಮುಂದೆಯೂ ಕೋಲಿನದು ಮೌನವ್ರತ.

“ಸತ್ತಿದೆ” ಎಂದು ಕೋಲನ್ನು ಮೂಲೆಗೆ ಎಸೆದಳು.

“ಆಗೋಕಿಲ್ಲ! ರಾತ್ರಿ ಇಡೀ ಚಾರ್ಜಿಗೆ ಹಾಕಿದ್ದೆ!”

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. “ಅದು… ನನ್ನ ಮೊಬೈಲು ಸಾಯೋ ಹಂಗಿತ್ತು. ಒಂದು ಚೂರು ಹೊತ್ತಿಗೆ ಅಂತ ಕಿತ್ತು ನಂದು ಹಾಕಿದೆ. ವಾಪಸ್ ಹಾಕೋದು ಮರೆತೆ. ಒಂದೇ ಪ್ಲಗ್ಗು ಇಟ್ಕೊಂಡು ಸಂಸಾರ ಮಾಡಿದ್ರೆ ಇನ್ನೇನಾಗತ್ತೆ?”

ಹೆಂಡತಿ ಅಷ್ಟರಲ್ಲಿ ಮಗುವನ್ನು ಸೊಂಟಕ್ಕೇರಿಸಿ ಮೆಟ್ಟಿಲಿಳಿಯುತ್ತಿದ್ದಳು. ಕುಂಯಪ್ಪ ಅರ್ಧ ಬೋಳಿಸಿದ ಗಡ್ಡ, ಅರ್ಧ ಸೋಪಿನಲ್ಲೇ ಹಿಂದೆ ಓಡಿದ. ಅವನ ಹಿಂದೆ ಅತ್ತೆ.

ಕೆಳಗಿನ ಮನೆಯ ಟ್ಯಾಕ್ಸಿಯವ ಕಾರು ಒರೆಸುತ್ತಿದ್ದ. ವಿಷಯ ಕೇಳಿದ್ದೇ ಬಟ್ಟೆ ಬಿಸಾಕಿ ಹತ್ತಿದ. ದಾರಿಯುದ್ದಕ್ಕೂ ಕುಂಯಪ್ಪ ಮಗಳ ಮುಖವನ್ನೇ ನೋಡುತ್ತಿದ್ದ. ಅವಳು ಈಗ ನಗುತ್ತಿರಲಿಲ್ಲ. ಜೊಲ್ಲು ನುಂಗಲು ಹೋಗಿ ನುಂಗಲಾರದೆ, ಅಮ್ಮನ ಭುಜಕ್ಕೆ ಸುರಿಸಿಕೊಂಡು ಮುಲುಕುತ್ತಿದ್ದಳು. ಇಡೀ ಬೆಳಗ್ಗೆ ಅವಳು ಅದನ್ನೇ ಹೇಳುತ್ತಿದ್ದಳು. ತಾನು ಮಾತ್ರ ಕೋಲಿನ ಮಾತು ಕೇಳುತ್ತಾ ಕೂತಿದ್ದೆ ಎಂಬುದು ಅವನ ಎದೆಗೆ ಮುಳ್ಳಿನಂತೆ ನಾಟಿತು.

ಆಸ್ಪತ್ರೆಯ ಬಾಗಿಲಲ್ಲಿದ್ದ ಕಾವಲುಗಾರ ಕೈ ಅಡ್ಡ ಹಿಡಿದ. “ಏನ್ರೀ ಅದು ಕೈಯಲ್ಲಿ?”

ಕುಂಯಪ್ಪ ನೋಡಿಕೊಂಡ. ಕೋಲು ಅವನ ಕೈಯಲ್ಲೇ ಇತ್ತು. ಹೆಂಡತಿ ಎಸೆದದ್ದನ್ನು ಯಾವಾಗ ಎತ್ತಿಕೊಂಡನೋ ಅವನಿಗೇ ತಿಳಿಯದು.

“ನಾನೂ ನಿಮ್ಮ ಥರಾನೇ” ಎಂದ.

“ಹಂಗಾದ್ರೆ ಗೊತ್ತಲ್ಲ, ಚೆಕ್ ಮಾಡ್ದೆ ಬಿಡೋಕಾಗಲ್ಲ” ಎಂದು ಅವನು ತನ್ನ ಕೋಲು ತೆಗೆದು ಕುಂಯಪ್ಪನ ಕೋಲಿನ ಮೇಲೆ ಆಡಿಸಿದ. ಕುಂಯ್ ಎಂದಿತು. ಬದುಕಿದ ಕೋಲು ಸತ್ತ ಕೋಲನ್ನು ಪತ್ತೆ ಮಾಡಿತ್ತು. ಇನ್ನೊಂದು ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರೇನೋ. ಇವತ್ತು ಕುಂಯಪ್ಪ ಕೋಲನ್ನು ಅವನ ಕೈಗೇ ತುರುಕಿ ಒಳಗೆ ಓಡಿದ.

ಮಕ್ಕಳ ಡಾಕ್ಟರಮ್ಮನಿಗೆ ನೆಗಡಿಯಾಗಿ ದನಿ ಕಟ್ಟಿತ್ತು. ಅವರು ಮಗುವಿನ ಗಂಟಲು, ಎದೆ ನೋಡುತ್ತಲೇ ಕೇಳಿದರು. “ಯಾವಾಗ ನುಂಗಿದ್ದು? ಉಸಿರಿಗೇನಾದ್ರೂ ತೊಂದರೆ ಆಯ್ತಾ? ಏನಾದ್ರೂ ತಿನ್ನಿಸಿದ್ರಾ?”

“ಬಾಳೆಹಣ್ಣು” ಎಂದರು ಅತ್ತೆ, ಬಹುಮಾನ ಬರಬಹುದೆಂಬ ದನಿಯಲ್ಲಿ.

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದರು. “ಬೆನ್ನ ಮೇಲೆ ಗುದ್ದಿದ್ರಾ?”

“ಸ್ವಲ್ಪ.”

“ತಲೆಕೆಳಗು?”

“ಅಷ್ಟರಲ್ಲಿ ಇವರು ಬಂದ್ರು.”

“ಸದ್ಯ. ಉಸಿರು ಕಟ್ಟದೆ ಚೆನ್ನಾಗಿ ಕೆಮ್ತಾ ಇರೋ ಮಗೂಗೆ ಏನೂ ಮಾಡಬಾರದಮ್ಮಾ. ಏನೂ ತಿನ್ನಿಸಬಾರದು, ಬಾಯೊಳಗೆ ಬೆರಳು ಹಾಕಬಾರದು, ಸೀದಾ ಇಲ್ಲಿಗೆ ತರಬೇಕು. ಈಗ ಎಕ್ಸ್‌ರೇ ತೆಗೆಸೋಣ, ಒಂದು ಮುಂದಿನಿಂದ, ಒಂದು ಪಕ್ಕದಿಂದ.”

ಎಕ್ಸ್‌ರೇ ಕೋಣೆಯವನು ತೆಳ್ಳಗೆ, ಮೀಸೆಯೇ ಭಾರವೆನಿಸುವಂಥವನು. ಕುಂಯಪ್ಪನಿಗೆ ಸೀಸದ ಕೋಟು ತೊಡಿಸಿ, ಮಗುವನ್ನು ಅಲ್ಲಾಡದಂತೆ ಹಿಡಿಯಲು ಹೇಳಿದ. ಅಲ್ಲಾಡದ ಇಲಿಮರಿ ಎಂದರೆ ಬಿಸಿಯಿಲ್ಲದ ಬೆಂಕಿ. ಮೊದಲ ಚಿತ್ರದಲ್ಲಿ ಮಗುವಿಗಿಂತ ಅಪ್ಪನ ಕೈಯೇ ಚೆನ್ನಾಗಿ ಬಂತು. ಎರಡನೆಯದರಲ್ಲಿ ಅವಳು ಸೀಸದ ಕೋಟಿನ ಪಟ್ಟಿಯನ್ನು ಬಾಯಿಗೆ ಹಾಕಿಕೊಳ್ಳಲು ಬಗ್ಗಿದಳು. “ನಿಮ್ಮ ಮಗಳು ನನ್ನ ಮಷಿನ್ ನುಂಗೋ ಮೊದಲು ಸರಿಯಾಗಿ ಹಿಡ್ಕೊಳ್ಳಿ ಸ್ವಾಮಿ” ಎಂದ ಮೀಸೆಯವನು. ಆಮೇಲೆ ಹೇಗೋ ಎರಡು ಚಿತ್ರ ಬಂದವು.

ಡಾಕ್ಟರಮ್ಮನ ಪರದೆಯ ಮೇಲೆ ಪುಟ್ಟ ಎದೆಗೂಡು, ಅದರ ಮೇಲ್ಗಡೆ ನಡುಮಧ್ಯೆ ಬೆಳ್ಳಗೊಂದು ಬಿಲ್ಲೆ.

“ನೋಡಿದ್ರಾ, ನಾಣ್ಯವೇ! ಕೋಲು ಸಾಯೋಕೆ ಮುಂಚೆ ಸರಿಯಾಗೇ ಹೇಳಿತ್ತು” ಎಂದುಬಿಟ್ಟ ಕುಂಯಪ್ಪ. ಬಾಯಿ ತಪ್ಪಿ ಬಂದ ಸಮಾಧಾನ ಅದು.

ಡಾಕ್ಟರಮ್ಮ ಚಿತ್ರವನ್ನು ದೊಡ್ಡದು ಮಾಡಿದರು. “ಇಲ್ಲಿ ನೋಡಿ. ಅಂಚಿನ ಒಳಗೆ ಇನ್ನೊಂದು ಅಂಚು. ತಟ್ಟೆಯೊಳಗೆ ತಟ್ಟೆ ಇಟ್ಟ ಹಂಗೆ. ನಾಣ್ಯಕ್ಕೆ ಒಂದೇ ಅಂಚು ಇರತ್ತೆ. ಈಗ ಪಕ್ಕದಿಂದ ತೆಗೆದಿದ್ದು ನೋಡಿ, ಒಂದು ಕಡೆ ಮೆಟ್ಟಿಲಿದೆ.” ಅವರ ಕಟ್ಟಿದ ದನಿ ಮತ್ತಷ್ಟು ಇಳಿಯಿತು. “ಇದು ಬ್ಯಾಟರಿ. ಬಿಲ್ಲೆ ಬ್ಯಾಟರಿ. ನಾಣ್ಯ ಆಗಿದ್ರೆ ಸ್ವಲ್ಪ ಕಾದು ನೋಡಬಹುದಿತ್ತು. ಇದಕ್ಕೆ ಕಾಯೋ ಹಾಗಿಲ್ಲ. ಒದ್ದೆ ಮಾಂಸಕ್ಕೆ ಅಂಟಿಕೊಂಡ ಕೂಡಲೇ ಅಲ್ಲಿ ಕರೆಂಟು ಹರಿಯತ್ತೆ, ಸುಣ್ಣದ ಗಾಯದ ಥರ ಸುಡ್ತಾ ಒಳಗೆ ಇಳಿಯತ್ತೆ. ಅನ್ನನಾಳ ತೂತಾಗಬಹುದು. ಈಗಲೇ ತೆಗೀಬೇಕು.”

ಹೆಂಡತಿ ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ಹಳೇ ಬ್ಯಾಟರಿಯಾ, ಹೊಸದಾ? ಯಾವುದರದ್ದು ಗೊತ್ತಾ? ರಿಮೋಟು, ಆಟಿಕೆ, ತೂಕದ ಮಷಿನ್ನು…”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ತೂಕದ ಮಷಿನ್ನು ಎಂಬ ಮಾತು ಬಿದ್ದದ್ದೇ ಅತ್ತೆ ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡರು. ಹೇಳಿದರೆ ಮಾನ, ಬಿಟ್ಟರೆ ಮೊಮ್ಮಗಳು. ಬಿಸಿ ತುಪ್ಪವನ್ನು ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಅವರು ಉಗುಳಿದರು.

“ನಂದೇ. ಆ ಮಷಿನ್ನಿಂದ ನಾನೇ ತೆಗೆದು ದಿಂಬಿನ ಕೆಳಗೆ ಇಟ್ಟಿದ್ದೆ.”

“ಯಾಕಮ್ಮಾ?” ಎಂದಳು ಹೆಂಡತಿ.

“ಇನ್ಯಾಕೆ? ದಿನಾ ಬೆಳಗ್ಗೆ ಸಾಯಿಸ್ತಿತ್ತು! ನಿನ್ನೆ ಒಂದು ತೋರಿಸೋದು, ಇವತ್ತು ಅದಕ್ಕೂ ಜಾಸ್ತಿ. ನಾನು ಊಟ ಬಿಟ್ರೂ ಅದು ಬಿಡಲ್ಲ. ಕೆಟ್ಟುಹೋಗಿದೆ ಅಂತ ನಿಮಗೆ ಹೇಳ್ದೆ. ಮಗು ಬಾಯಿಗೆ ಹಾಕ್ಕೊಂಡಾಗ ಒಂದು ಕ್ಷಣ ಮನಸ್ಸಿಗೆ ಹೊಳೀತು, ಅದೇ ಇರಬಹುದಾ ಅಂತ. ನಾಣ್ಯವೇ ಆಗಲಿ ದೇವರೇ ಅಂದ್ಕೊಂಡೆ. ಅಂದ್ಕೊಂಡು ಅಂದ್ಕೊಂಡು ನಾಣ್ಯವೇ ಕಾಣಿಸ್ತು ಕಣೇ.” ಆ ದೊಡ್ಡ ಮೈಯೊಳಗಿಂದ ಸಣ್ಣ ಮಗುವಿನಂಥ ಬಿಕ್ಕಳಿಕೆ ಬಂತು.

“ಎಷ್ಟು ದಿನ ಆಗಿತ್ತು ಮಷಿನ್ನು ತಂದು?” ಡಾಕ್ಟರಮ್ಮನಿಗೆ ಅತ್ತೆಯ ತೂಕದ ಚಿಂತೆ ಇರಲಿಲ್ಲ.

“ಹೊಸದು. ಹೋದ ತಿಂಗಳು ತಂದಿದ್ದು.”

“ಅಂದ್ರೆ ತುಂಬಿದ ಬ್ಯಾಟರಿ” ಎಂದು ಅವರು ಫೋನು ಎತ್ತಿ, ಆಪರೇಷನ್ ಕೋಣೆಗೆ, ಅರಿವಳಿಕೆ ಡಾಕ್ಟರಿಗೆ ಹೇಳತೊಡಗಿದರು. “ಹೌದು, ಬಾಳೆಹಣ್ಣು ತಿಂದಿದೆ. ಹೊಟ್ಟೆ ಖಾಲಿಯಾಗಲಿ ಅಂತ ಕಾಯೋಕಾಗಲ್ಲ, ಅದಕ್ಕೆ ತಯಾರಾಗಿ ಬನ್ನಿ.” ಫೋನಿಟ್ಟು ನರ್ಸಿನ ಕಡೆ ತಿರುಗಿದರು. “ಅಲ್ಲಿ ರೆಡಿ ಆಗೋವರೆಗೆ ಎರಡು ಚಮಚ ಜೇನು ಕೊಡಿ.”

ನರ್ಸು ತನ್ನದೇ ಮೇಜಿನ ಖಾನೆಯಿಂದ ಜೇನಿನ ಬಾಟಲಿ ತೆಗೆದಳು. ಅತ್ತೆಯ ಬಿಕ್ಕಳಿಕೆ ಫಕ್ಕನೆ ನಿಂತಿತು. “ನಾನು ಬಾಳೆಹಣ್ಣು ಕೊಟ್ಟಿದ್ದು ತಪ್ಪು, ನೀವು ಜೇನು ಕೊಡಬಹುದಾ?”

“ನಿಮ್ಮದು ನಾಣ್ಯ ಜಾರಿಸೋಕೆ. ಇದು ಬ್ಯಾಟರಿಗೂ ಗಂಟಲಿಗೂ ಮಧ್ಯೆ ಲೇಪ. ಸುಡೋದು ಸ್ವಲ್ಪ ನಿಧಾನ ಆಗತ್ತೆ, ಅಷ್ಟೇ. ವರ್ಷ ತುಂಬಿದ ಮಗು ಅಂತ ಕೊಡ್ತಿದೀವಿ, ಅದಕ್ಕಿಂತ ಚಿಕ್ಕದಕ್ಕೆ ಕೊಡಲ್ಲ. ಇದೇ ಔಷಧಿ ಅಂತ ಮನೇಲಿ ಕೂತ್ಕೊಳ್ಳೋ ಹಾಗೂ ಇಲ್ಲ” ಎಂದರು ಡಾಕ್ಟರಮ್ಮ.

ಜೇನಿಗೆ ಮಾತ್ರ ಇಲಿಮರಿ ಮುಖ ಕಿವುಚಲಿಲ್ಲ. ಅಷ್ಟರಲ್ಲಿ ಗಾಲಿಮಂಚ ಬಂತು. ಬಾಗಿಲು ಅವಳನ್ನು ಒಳಗೆಳೆದುಕೊಂಡು ಮುಚ್ಚಿಕೊಂಡಿತು.

ಹೊರಗೆ ಎರಡು ಬೆಂಚು. ಹೆಂಡತಿ ಬಣ್ಣದ ಬಟ್ಟೆ, ಬಿಳಿ ಬಟ್ಟೆ ಬೇರೆ ಮಾಡುವಂತೆ ಗಂಡನನ್ನು ಒಂದರ ಮೇಲೆ, ತಾಯಿಯನ್ನು ಇನ್ನೊಂದರ ಮೇಲೆ ಕೂರಿಸಿ ತಾನು ನಡುವೆ ನಿಂತಳು.  ಮಾತಿಲ್ಲದೆ ಇರಲು ಬಾರದ ಅತ್ತೆಯೇ ಮೊದಲು ಬಾಯಿ ಬಿಟ್ಟರು.

“ತಪ್ಪೆಲ್ಲ ನಂದೇ ಅಳಿಯಂದ್ರೇ.”

“ಇಲ್ಲ ಅತ್ತೆ. ಇವಳು ಹೊರಡೋಣ ಅಂದಾಗ ನಿಲ್ಲಿಸಿದ್ದು ನಾನು.”

“ನಿಮ್ಮನ್ನ ಹೊಗಳಿ ಅಟ್ಟಕ್ಕೇರಿಸಿದ್ದು ನಾನಲ್ವಾ?”

“ಏರಿದ್ದು ನಾನು.”

“ನೀವೇನು ಮಾಡ್ತೀರಿ, ಪ್ಲಗ್ಗು ಕಿತ್ತಿದ್ದೇ ನಾನು.”

“ಪ್ಲಗ್ಗು ಕೀಳದೇ ಇದ್ದಿದ್ರೆ ಕೋಲು ಇನ್ನೂ ಕುಂಯ್ ಅಂತಾನೇ ಇರ್ತಿತ್ತು. ನಾನು ಸಾಯಂಕಾಲದವರೆಗೂ ಅದನ್ನೇ ಕೇಳ್ತಾ ಕೂತಿರ್ತಿದ್ದೆ. ನೀವು ಕಿತ್ತಿದ್ದೇ ಒಳ್ಳೇದಾಯ್ತು ಅತ್ತೆ.”

“ಇಬ್ರೂ ಸುಮ್ನಿರ್ತೀರಾ?” ಎಂದಳು ಹೆಂಡತಿ. “ಇಷ್ಟು ವರ್ಷ ತಪ್ಪು ನಂದಲ್ಲ ನಂದಲ್ಲ ಅಂತ ಕಿತ್ತಾಡಿದ್ರಿ. ಈಗ ನಂದು ನಂದು ಅಂತ ಕಿತ್ತಾಡ್ತೀರಲ್ಲ!” ಹೇಳುತ್ತಾ ಹೇಳುತ್ತಾ ಅವಳ ದನಿ ಒಡೆಯಿತು. ಕುಂಯಪ್ಪ ಎದ್ದು ಹತ್ತಿರ ಬಂದ. ಅವಳು ಅವನತ್ತ ನೋಡದೆ ಅವನ ಅಂಗಿಯ ಜೇಬಿಗೆ ಕೈ ಹಾಕಿದಳು. ಒಂದು ಕರ್ಚೀಫು, ಒಂದು ಬಸ್ ಟಿಕೀಟು, ಇಲಿಮರಿಯ ಕೂದಲಿನ ಕ್ಲಿಪ್ಪು. ಎಲ್ಲವನ್ನೂ ತೆಗೆದು, ಮತ್ತೆ ಒಂದೊಂದಾಗಿ ಒಳಗಿಟ್ಟಳು. ಮಾಡಲು ಅವಳ ಕೈಗೆ ಬೇರೆ ಕೆಲಸವಿರಲಿಲ್ಲ. ಕರ್ಚೀಫನ್ನು ಮಾತ್ರ ಹೊರಗಿಟ್ಟುಕೊಂಡು, ಅವನ ಕೆನ್ನೆಯ ಮೇಲೆ ಒಣಗಿ ಹೆಪ್ಪುಗಟ್ಟಿದ್ದ ಸೋಪನ್ನು ಒರೆಸಿದಳು.

ಬಾಗಿಲು ತೆರೆಯಿತು. ಡಾಕ್ಟರಮ್ಮನ ಕೈಯ ಸ್ಟೀಲಿನ ಬಟ್ಟಲಲ್ಲಿ ಬಿಲ್ಲೆ ಇತ್ತು. ಬೆಳ್ಳಗೆ ಫಳಫಳ ಎನ್ನುತ್ತಿದ್ದುದರ ಒಂದು ಬದಿ ಕಪ್ಪಿಟ್ಟು ಹೋಗಿತ್ತು.

“ಬಂತು. ಒಂದು ಕಡೆ ಸುಟ್ಟಿದೆ, ಆದ್ರೆ ತೂತಾಗಿಲ್ಲ. ಇನ್ನೂ ತಡವಾಗಿದ್ದಿದ್ರೆ ಈ ಮಾತು ಹೇಳ್ತಿರಲಿಲ್ಲ.” ಆಮೇಲೆ ಅವರು ಕೂತು ವಿವರಿಸಿದರು. ಒಳಗಿನ ಗಾಯ ಬ್ಯಾಟರಿ ತೆಗೆದ ಮೇಲೂ ಬೆಳೆಯಬಹುದು. ಹಾಗಾಗಿ ಸದ್ಯಕ್ಕೆ ಬಾಯಿಗೆ ಏನೂ ಇಲ್ಲ, ಕೈಗೆ ಡ್ರಿಪ್ಪು. ಇನ್ನೊಂದು ಚಿತ್ರ ತೆಗೆದು, ಎಲ್ಲೂ ಸೋರುತ್ತಿಲ್ಲ ಎಂದು ಗೊತ್ತಾದ ಮೇಲೆ ನೀರು. “ನೀರು ಸಲೀಸಾಗಿ ನುಂಗಿದ್ರೆ ಅರ್ಧ ಗೆದ್ದ ಹಾಗೆ. ಮನೆಗೆ ಹೋದ ಮೇಲೂ ವಾರಗಟ್ಟಲೆ ಕಣ್ಣಿಟ್ಟಿರಬೇಕು. ಜ್ವರ, ರಕ್ತ, ಕಪ್ಪಗಿನ ಕಕ್ಕಸು, ಯಾವುದು ಕಂಡ್ರೂ ಓಡಿ ಬರಬೇಕು.”

“ಬರ್ತೀವಿ. ಒಂದು ನಿಮಿಷವೂ ತಡೆಯಲ್ಲ” ಎಂದ ಕುಂಯಪ್ಪ.

ಮುಂದಿನ ದಿನಗಳಲ್ಲಿ ಆ ವಾರ್ಡಿನಲ್ಲಿ ಬಾಯಿಗೆ ಏನೂ ಹಾಕಿಕೊಳ್ಳದ ಇಲಿಮರಿಯನ್ನು ಅವರು ಮೊದಲ ಸಲ ಕಂಡರು. ಅದಕ್ಕಿಂತ ಭಯಂಕರವಾದದ್ದು ಇನ್ನೊಂದಿಲ್ಲ ಎನ್ನಿಸಿತು. ಮತ್ತೆ ತೆಗೆದ ಚಿತ್ರದಲ್ಲಿ ಎಲ್ಲೂ ಸೋರಿಕೆ ಕಾಣಲಿಲ್ಲ. ಡಾಕ್ಟರಮ್ಮ ಪುಟ್ಟ ಲೋಟದಲ್ಲಿ ನೀರು ತರಿಸಿದರು. ಹೆಂಡತಿ ಒಂದು ಗುಟುಕು ಬಾಯಿಗೆ ಹಿಡಿದಳು.

ಇಲಿಮರಿ ನೀರನ್ನು ಕೆನ್ನೆಯಲ್ಲಿ ತುಂಬಿಟ್ಟುಕೊಂಡು ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿತು.

“ನುಂಗು ಕಂದಾ” ಎಂದಳು ಅಮ್ಮ.

“ಹಿಂಗೆ, ಹಿಂಗೆ” ಎಂದು ಕುಂಯಪ್ಪ ಖಾಲಿ ಗಂಟಲಲ್ಲೇ ನುಂಗಿ ತೋರಿಸಿದ. ಅತ್ತೆ ನುಂಗಿದರು. ನರ್ಸು ನುಂಗಿದಳು. ನೆಗಡಿಯ ಡಾಕ್ಟರಮ್ಮ ಕಷ್ಟಪಟ್ಟು ನುಂಗಿದರು. ಇಲಿಮರಿ ಎಲ್ಲರ ಗಂಟಲ ಕುಣಿತವನ್ನೂ ನೋಡಿ ಮುಗಿಸಿ, ನೀರನ್ನು ಪುರ್ರೆಂದು ಅಪ್ಪನ ಅಂಗಿಗೆ ಉಗುಳಿತು.

“ನೋವಿಗೆ ಉಗುಳ್ತಾ ಇದ್ದಾಳಾ, ಹಟಕ್ಕಾ? ಅದು ಗೊತ್ತಾಗಬೇಕು” ಎಂದರು ಡಾಕ್ಟರಮ್ಮ. ಅವರ ಹುಬ್ಬಿನ ನಡುವೆ ಗೆರೆ ಮೂಡಿತು. 

ಮತ್ತೊಂದು ಗುಟುಕು. ಮತ್ತೆ ಪುರ್ರ್. ಮೂರನೆಯದಕ್ಕೆ ಬಾಯಿಯೇ ತೆರೆಯಲಿಲ್ಲ.

ಹೆಂಡತಿ ಲೋಟ ಕೆಳಗಿಟ್ಟಳು. “ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ಇವಳು ಇಷ್ಟು ದಿನದಲ್ಲಿ ಆ ಜೇನೊಂದು ಬಿಟ್ರೆ ಯಾರಾದ್ರೂ ನೋಡ್ತಿರುವಾಗ ಒಂದೂ ನುಂಗಿಲ್ಲ. ಸೋಪಾಗಲಿ, ಸುಣ್ಣ ಆಗಲಿ, ನಾವು ಕಣ್ಣು ಬೇರೆ ಕಡೆ ಇಟ್ಟಾಗಲೇ.”

“ಅಂದ್ರೆ?”

“ಎಲ್ಲರೂ ಆ ಕಡೆ ತಿರುಗಿ ನಿಂತ್ಕೊಳ್ಳಿ.”

“ನಾನೂನಾ?”

“ನೀವೂನು.”

ಹೆಂಡತಿ ಲೋಟವನ್ನು ಮಗುವಿನ ಕೈಗೇ ಕೊಟ್ಟಳು. ಐದು ಜನ ದೊಡ್ಡವರು ಮಂಚಕ್ಕೆ ಬೆನ್ನು ಕೊಟ್ಟು ಸಾಲಾಗಿ ಗೋಡೆ ನೋಡುತ್ತಾ ನಿಂತರು. ಪಕ್ಕದ ಮಂಚದ ರೋಗಿಯ ಅಪ್ಪ, ಇದೂ ಒಂದು ಚಿಕಿತ್ಸೆಯೇನೋ ಎಂದು ತಾನೂ ಎದ್ದು ಗೋಡೆಗೆ ಮುಖ ಮಾಡಿದ. ಕುಂಯಪ್ಪನಿಗೆ ಮಾತ್ರ ಪ್ರಾಣ ಹೋದ ಹಾಗಾಯಿತು. ಬದುಕೆಲ್ಲ ಬಂದವರನ್ನು ದಿಟ್ಟಿಸಿ ನೋಡುವುದೇ ಅವನ ಕಸುಬು. ನೋಡದೆ ನಿಲ್ಲುವುದನ್ನು ಯಾರೂ ಕಲಿಸಿರಲಿಲ್ಲ. ಅವನ ಕತ್ತು ತಾನಾಗಿ ತಿರುಗತೊಡಗಿತು. ಹೆಂಡತಿ ಅವನ ಗಲ್ಲ ಹಿಡಿದು ಗೋಡೆಯ ಕಡೆಗೇ ಒತ್ತಿ ನಿಲ್ಲಿಸಿದಳು.

ಬಟ್ಟೆಯ ಸರಸರ. ಲೋಟ ಹಲ್ಲಿಗೆ ತಾಗಿದ ಸದ್ದು. ಆಮೇಲೆ, ಗುಳುಕ್.

ಯಾರೂ ತಿರುಗಲಿಲ್ಲ. ಕೆಮ್ಮು ಬರುತ್ತದೇನೋ, ಅಳು ಬರುತ್ತದೇನೋ ಎಂದು ಆರು ಜೊತೆ ಕಿವಿಗಳು ಕಾದವು. ಕುಂಯಪ್ಪನ ಕಣ್ಣ ಮುಂದೆ ಗೋಡೆಯ ಬಣ್ಣ ಕಲಸಿಹೋಯಿತು.

ಖಾಲಿ ಲೋಟ ಮಂಚದ ಕಂಬಿಗೆ ಠಣ್ ಠಣ್ ಬಡಿಯಿತು.

“ಇನ್ನಾ!”

“ತಿರುಗಲಾ?” ಎಂದು ಪಿಸುಗುಟ್ಟಿದರು ಅತ್ತೆ, ಕಣ್ಣೀರು ಒರೆಸದೆ.

“ಬೇಡ ಬೇಡ” ಎಂದರು ಡಾಕ್ಟರಮ್ಮ, ಗೋಡೆಗೇ ಹೇಳುವಂತೆ. “ಇನ್ನೊಂದು ಗುಟುಕು ಕೇಳೋಣ. ಸಿಸ್ಟರ್, ನೀರು ಹಾಕಿ.”

ನರ್ಸು ನೀರಿನ ಜಗ್ಗು ಹಿಡಿದು, ಮುಖ ಗೋಡೆಯ ಕಡೆಗೇ ಇಟ್ಟುಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಮಂಚದತ್ತ ನಡೆದಳು.